ಜನ್ನನ ಕಾವ್ಯದಲ್ಲಿ ನಾನು ಬಿಟ್ಟ ಭಾಗ

ಗುಂಡ್ಲುಪೇಟೆಯಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದಾಗ ನಡೆದ ಸಂಗತಿಯಿದು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ ಜೈನ ಬಸದಿಗಳನ್ನು ನೋಡಿಬಂದ ಮಕ್ಕಳಿಗೆ ಮರುದಿನ 'ಯಶೋಧರ ಚರಿತೆ'ಯ ಕಥೆ ಹೇಳಿದೆ. ಹೊಯ್ಸಳ ದೊರೆ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ರಚಿಸಿದ ಕಾವ್ಯವದು. ರಾಣಿ ಅಮೃತಮತಿ ಇರುಳಿನಲ್ಲಿ ಮಾವುತನನ್ನು ಕೂಡಿದ ಪ್ರಸಂಗವನ್ನು ಸಂಕೋಚದಿಂದ ಬಿಟ್ಟು, ನೇರವಾಗಿ ಹಿಟ್ಟಿನ ಕೋಳಿಯ ಬಲಿಗೆ ಬಂದೆ.

ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ರಾಜನಿಗೆ ಏನಾಗಿತ್ತು ಅಂತ ಬಲಿ ಕೊಟ್ಟ?" ಎಂದಳು.

"ಕೆಟ್ಟ ಕನಸು ಬಿದ್ದಿತ್ತಮ್ಮ" ಎಂದು ಕೂರಿಸಿದೆ.

ಮನೆಗೆ ಬಂದು ಕಾವ್ಯವನ್ನು ತೆರೆದಾಗ ನಾಚಿಕೆಯಾಯಿತು. ಯಶೋಧರ ತಾಯಿಗೆ ಹೇಳಿದ್ದೂ ಅದೇ ಸುಳ್ಳು. ಮಾವುತನ ಹಾಡಿಗೆ ಮನಸೋತ ಮಡದಿಯನ್ನು ಕಣ್ಣಾರೆ ಕಂಡು, ಎತ್ತಿದ ಕತ್ತಿಯನ್ನು ತಡೆದುಕೊಂಡವನು, ನಿಜವನ್ನು ಮಾತ್ರ ಕನಸಿನ ಮರೆಯಲ್ಲಿಟ್ಟ. ತಾಯಿ ಶಾಂತಿಗಾಗಿ ಬಲಿ ಕೊಡಿಸಿದಳು. ಕಡಿದದ್ದು ಹಿಟ್ಟಿನ ಹುಂಜವಾದರೂ ಸಂಕಲ್ಪಹಿಂಸೆಯ ಪಾಪ ಇಬ್ಬರನ್ನೂ ಜನ್ಮಜನ್ಮಾಂತರಕ್ಕೆ ಅಟ್ಟಿಸಿಕೊಂಡು ಬಂತು. ಆ ಇರುಳನ್ನು ಜನ್ನ ರಂಜನೆಗೆಂದು ಬರೆದವನಲ್ಲ. ಅದನ್ನು ತೆಗೆದರೆ ಮುಂದಿನ ಹಿಂಸೆಗೆ ಕಾರಣವೇ ಉಳಿಯದು. ಕಾಮವನ್ನು ಕಥೆ ಬೇಡುತ್ತದೆಯೋ ಬರೆಯುವವನ ಚಪಲ ಬೇಡುತ್ತದೆಯೋ ಎಂಬುದಕ್ಕೆ ಇದೇ ಒರೆಗಲ್ಲು. ಗಿರೀಶ ಕಾರ್ನಾಡರು 1980ರ 'ಹಿಟ್ಟಿನ ಹುಂಜ' ನಾಟಕದಲ್ಲಿ ಕಥೆಯನ್ನು ಬಹಳವಾಗಿ ಮಾರ್ಪಡಿಸಿದರೂ ರಾಣಿ ಮತ್ತು ಮಾವುತನ ಆ ಇರುಳನ್ನು ಉಳಿಸಿಕೊಂಡರು.

ಅಂದು ಪ್ರಶ್ನಿಸಿದ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ತಾಯೀ, ನಿನ್ನ ಪ್ರಶ್ನೆ ಸರಿಯಾಗಿತ್ತು. ಮೇಷ್ಟ್ರ ಉತ್ತರ ತಡವಾಯಿತು.