ಸೈನಿಕನ ದೂರನ್ನು ಆಲಿಸುವ ಪೀಠದಲ್ಲಿ ಯಾರಿರಬೇಕು?

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ಸೀಮೆಗೆ ಸಿಪಾಯಿಯ ಬದುಕು ಹೊಸದಲ್ಲ. 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದ ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕೊನೆಯುಸಿರೆಳೆದರು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ. ಇಲ್ಲಿನ ಹಳ್ಳಿಗಳ ಯುವಕರು ತಲೆಮಾರುಗಳಿಂದ ಸೇನೆ ಸೇರುತ್ತ ಬಂದಿದ್ದಾರೆ. ಸೈನಿಕನ ಶೌರ್ಯವನ್ನು ನಾವು ಕೊಂಡಾಡುತ್ತೇವೆ. ಆದರೆ ಅವನಿಗೇ ಅನ್ಯಾಯವಾದಾಗ ಅವನ ಅಹವಾಲನ್ನು ಆಲಿಸುವವರು ಯಾರೆಂದು ಕೇಳುವುದು ವಿರಳ.

ಇಸ್ಲಾಮೀ ಇತಿಹಾಸವು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. ಕೂಫಾ ನಗರವು ಮೂಲತಃ ಒಂದು ಸೈನಿಕ ನೆಲೆ. ಖಾದಿಸಿಯ್ಯಾ ಯುದ್ಧದ ಸೇನಾನಿ ಸಅದ್ ಬಿನ್ ಅಬೀ ವಕ್ಕಾಸ್(ರ) ಅಲ್ಲಿನ ರಾಜ್ಯಪಾಲರಾಗಿದ್ದಾಗ ಕೆಲವರು ಅವರ ವಿರುದ್ಧ ಮದೀನಾಕ್ಕೆ ದೂರು ಕೊಂಡೊಯ್ದರು. ಖಲೀಫಾ ಉಮರ್(ರ) ಆ ವಿಚಾರಣೆಯನ್ನು ಸಅದ್‌ರ ಕೈಕೆಳಗಿನವರಿಗೆ ಒಪ್ಪಿಸಲಿಲ್ಲ. ಮದೀನಾದಿಂದ ಮುಹಮ್ಮದ್ ಬಿನ್ ಮಸ್ಲಮಾ(ರ)ರನ್ನು ಕಳುಹಿಸಿದರು. ಅವರು ಕೂಫಾದ ಮಸೀದಿಗಳಿಗೆ ಹೋಗಿ ಜನರ ಎದುರಿನಲ್ಲಿಯೇ ವಿಚಾರಿಸಿದರು. ಬಹುತೇಕರು ಸಅದ್‌ರನ್ನು ಪ್ರಶಂಸಿಸಿದರು. ಆದರೂ ಉಮರ್(ರ) ಅವರನ್ನು ಆ ಹುದ್ದೆಯಿಂದ ಬಿಡಿಸಿದರು. ಅದು ಅಸಾಮರ್ಥ್ಯದಿಂದಾಗಲಿ ವಂಚನೆಯಿಂದಾಗಲಿ ಅಲ್ಲವೆಂದು ಮುಂದೆ ಸ್ಪಷ್ಟಪಡಿಸಿ ಅವರ ಗೌರವವನ್ನೂ ಕಾಪಾಡಿದರು. ದೂರುದಾರನ ಹಕ್ಕಿಗೂ ಆರೋಪಿತನ ಮಾನಕ್ಕೂ ಇಲ್ಲಿ ಸಮಾನ ರಕ್ಷಣೆ ದೊರೆಯಿತು.

ಮುಂದೆ ಇದೇ ಆಶಯವು ಮಝಾಲಿಮ್ ನ್ಯಾಯಾಲಯವಾಗಿ ಬೆಳೆಯಿತು. 1058ರಲ್ಲಿ ನಿಧನರಾದ ಇಮಾಮ್ ಮಾವರ್ದಿ ಅದರ ಕಾರ್ಯವ್ಯಾಪ್ತಿಯನ್ನು ವಿವರಿಸುವಾಗ ವೇತನದ ಕಡಿತ ಮತ್ತು ವಿಳಂಬದ ಬಗೆಗಿನ ದೂರುಗಳನ್ನೂ ಸೇರಿಸಿದ್ದಾರೆ. ಸೈನಿಕರು ದಂಗೆಯೆದ್ದು ಲೂಟಿಗಿಳಿದರೆಂದು ಸೇನಾಧಿಕಾರಿಯೊಬ್ಬ ಬರೆದಾಗ ಖಲೀಫಾ ಮಅಮೂನ್ ಆ ಅಧಿಕಾರಿಯನ್ನೇ ಪದಚ್ಯುತಗೊಳಿಸಿ ಸೈನಿಕರ ವೇತನವನ್ನು ಬಿಡುಗಡೆ ಮಾಡಿದ ಪ್ರಸಂಗವನ್ನೂ ದಾಖಲಿಸಿದ್ದಾರೆ. ಆ ಸಭೆಯಲ್ಲಿ ಐದು ವರ್ಗದವರು ಇರಲೇಬೇಕೆಂಬುದು ಅವರ ಅಭಿಮತ: ಕಾವಲಿನವರು, ನ್ಯಾಯಾಧೀಶರು, ಧರ್ಮಶಾಸ್ತ್ರಜ್ಞರು, ಲಿಪಿಕಾರರು ಮತ್ತು ಸಾಕ್ಷಿಗಳು. ಬಲ, ಜ್ಞಾನ, ದಾಖಲೆ ಮತ್ತು ಸಾಕ್ಷ್ಯ ಇವೆಲ್ಲವೂ ಒಂದೇ ಕೈಯಲ್ಲಿರಬಾರದೆಂಬ ವಿವೇಕ ಇದರಲ್ಲಿದೆ.

ಹಾಗಾದರೆ ಸೈನಿಕನ ಸಹೋದ್ಯೋಗಿಗಳನ್ನೇ ಪೀಠದಲ್ಲಿ ಕೂರಿಸಿದರೆ ಸಾಕಾಗದೇ? ಸಾಕಾಗದು ಎನ್ನುತ್ತದೆ ನಮ್ಮ ದೇಶದ ಇತಿಹಾಸ. 1857ರ ಏಪ್ರಿಲ್‌ನಲ್ಲಿ ಮಂಗಲ್ ಪಾಂಡೆಯ ವಿಚಾರಣೆ ನಡೆಸಿದ ಸೇನಾ ನ್ಯಾಯಾಲಯದ ಸದಸ್ಯರು ಭಾರತೀಯ ಸುಬೇದಾರರು ಮತ್ತು ಜಮಾದಾರರೇ ಆಗಿದ್ದರು. ಆದರೆ ಆ ಸಭೆಯನ್ನು ಕರೆದದ್ದೂ ಅದರ ಸದಸ್ಯರ ಅನ್ನದ ಹಿಡಿತ ಇದ್ದದ್ದೂ ಕಂಪನಿಯ ಕೈಯಲ್ಲಿ. ನಮ್ಮವರು ಕುಳಿತ ಮಾತ್ರಕ್ಕೆ ಪೀಠ ಸ್ವತಂತ್ರವಾಗುವುದಿಲ್ಲ.

ಸ್ವತಂತ್ರ ಭಾರತದ 1950ರ ಸೇನಾ ಕಾಯ್ದೆಯಲ್ಲಿಯೂ ಹಳೆಯ ಛಾಯೆ ಉಳಿಯಿತು. ಸಂಕ್ಷಿಪ್ತ ಸೇನಾ ನ್ಯಾಯಾಲಯದಲ್ಲಿ ಕಮಾಂಡಿಂಗ್ ಅಧಿಕಾರಿಯೊಬ್ಬರೇ ನ್ಯಾಯಾಲಯ. ಜೊತೆಗೆ ಹಾಜರಿರುವ ಇಬ್ಬರಿಗೆ ನ್ಯಾಯ ನಿರ್ಣಯದ ಪ್ರಮಾಣವಚನವೂ ಇಲ್ಲ, ಮತವೂ ಇಲ್ಲ. ಸೇನಾ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿಯ ವ್ಯವಸ್ಥೆಯೇ ಇಲ್ಲದಿರುವುದಕ್ಕೆ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ವಿಷಾದಿಸಿತು. ಕೊನೆಗೆ 2007ರ ಕಾಯ್ದೆಯಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ರೂಪುಗೊಂಡು 2009ರಲ್ಲಿ ಕಾರ್ಯಾರಂಭ ಮಾಡಿತು. ಅದರ ಪೀಠದಲ್ಲಿ ಒಬ್ಬ ನ್ಯಾಯಾಂಗ ಸದಸ್ಯರು ಮತ್ತು ಒಬ್ಬ ಆಡಳಿತ ಸದಸ್ಯರು ಇರುತ್ತಾರೆ. ಮೊದಲನೆಯವರು ಉಚ್ಚ ನ್ಯಾಯಾಲಯದ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಗಳು. ಎರಡನೆಯವರು ಸಾಮಾನ್ಯವಾಗಿ ಮೇಜರ್ ಜನರಲ್ ಅಥವಾ ಅದಕ್ಕೂ ಮೇಲಿನ ದರ್ಜೆಯಲ್ಲಿದ್ದವರು.

ಈ ಜೋಡಣೆ ಸ್ವಾಗತಾರ್ಹ. ಗಡಿಯ ಚಳಿ, ಬಂಕರ್‌ನ ಒತ್ತಡ, ಆಜ್ಞೆಯ ಕಟ್ಟುನಿಟ್ಟು ಇವನ್ನು ಬಲ್ಲವರು ಪೀಠದಲ್ಲಿರಬೇಕು. ಕಾನೂನನ್ನು ಬಲ್ಲ, ಸೇನೆಯ ಹಂಗಿಲ್ಲದವರೂ ಇರಬೇಕು. ಆದರೆ ಎರಡು ಕೊರತೆಗಳು ನಮಗೆ ಕಾಣುತ್ತವೆ. ಮೊದಲನೆಯದು, ರಕ್ಷಣಾ ಸಚಿವಾಲಯದ ವಿರುದ್ಧವೇ ಬರುವ ದೂರುಗಳನ್ನು ಆಲಿಸುವ ಮಂಡಳಿಯ ಆಡಳಿತವೂ ಅದೇ ಸಚಿವಾಲಯಕ್ಕೆ ಸೇರಿದೆ. ನ್ಯಾಯಮಂಡಳಿಗಳೆಲ್ಲ ಒಂದು ಸ್ವತಂತ್ರ ಸಂಸ್ಥೆಯ ಮೇಲ್ವಿಚಾರಣೆಯಲ್ಲಿರಬೇಕು, ಅಲ್ಲಿಯವರೆಗೆ ಸಾಧ್ಯವಿದ್ದಷ್ಟು ಒಂದೇ ಸಚಿವಾಲಯದ ಅಧೀನದಲ್ಲಿರಲಿ ಎಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿಯೇ ಸೂಚಿಸಿತ್ತು. ಎರಡನೆಯದು, ಜವಾನನ ಬದುಕನ್ನು ಬದುಕಿದವರಾರೂ ಆ ಪೀಠದಲ್ಲಿಲ್ಲ. ನಿವೃತ್ತ ಸುಬೇದಾರ್ ಮೇಜರ್ ಒಬ್ಬರನ್ನು ಸಲಹಾ ಸದಸ್ಯರಾಗಿಯಾದರೂ ಸೇರಿಸಿದರೆ ಸಮತೋಲನ ಹೆಚ್ಚೀತು.

ಇದು ಕೇವಲ ತತ್ತ್ವದ ಚರ್ಚೆಯಲ್ಲ. ಸೇವೆಯಲ್ಲಿ ಕಾಯಿಲೆಗೀಡಾಗಿ ಮರಳಿದ ಸೈನಿಕನ ಅಂಗವಿಕಲ ಪಿಂಚಣಿಯ ವಿಷಯದಲ್ಲಿ ಮೊದಲು ಅಭಿಪ್ರಾಯ ನೀಡುವುದು ಸೇನೆಯದೇ ವೈದ್ಯಕೀಯ ಮಂಡಳಿ. ಭರ್ತಿಯ ವೇಳೆ ದಾಖಲಾಗದ ಕಾಯಿಲೆ ಸೇವೆಯಿಂದಲೇ ಬಂದಿತೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸೈನಿಕನದಲ್ಲವೆಂದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಕರ್ನಾಟಕವು ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಸವದತ್ತಿಯ ವಿಧವೆಗೋ ರಾಮದುರ್ಗದ ವೃದ್ಧ ತಂದೆಗೋ ಅದು ದೂರದ ಹಾದಿ. ಮಂಡಳಿಯ ಆದೇಶದ ವಿರುದ್ಧ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರ ಮುಕ್ತವಾಗಿದೆ ಎಂದು 2023ರಲ್ಲಿ ಬಂದ ತೀರ್ಪಿನಿಂದ ಧಾರವಾಡ ಪೀಠದ ಬಾಗಿಲು ಈ ಕುಟುಂಬಗಳಿಗೆ ತೆರೆದಿದೆ.

ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬುದು ಕುರ್‌ಆನಿನ ಆಜ್ಞೆ. ತನ್ನ ಮೇಲಿನ ದೂರನ್ನು ತಾನೇ ತೀರ್ಮಾನಿಸುವವನಿಗೆ ಈ ಆಜ್ಞೆಯ ಪಾಲನೆ ಅತ್ಯಂತ ಕಠಿಣ. ಆದ್ದರಿಂದಲೇ ಉಮರ್(ರ) ಹೊರಗಿನವರನ್ನು ಕಳುಹಿಸಿದರು. ನಮ್ಮ ಊರುಗಳಲ್ಲಿ ಸೈನಿಕರ ಮನೆಗಳು ಯಾವ ಧರ್ಮದವರದ್ದೇ ಆಗಿರಲಿ, ಅವರ ಅರ್ಜಿ ಬರೆಯಲು, ಕಾಗದಪತ್ರ ಜೋಡಿಸಲು ನಮ್ಮ ವಿದ್ಯಾವಂತ ಯುವಕರು ನೆರವಾಗಲಿ. ದೇಶವನ್ನು ಕಾದವನ ಹಕ್ಕನ್ನು ಕಾಯುವುದು ನಮ್ಮೆಲ್ಲರ ಮೇಲಿನ ಅಮಾನತ್.