ತಿರುಗುಮುರುಗು ಎನಿಸಿಕೊಂಡ ಹಳೆಯ ಕ್ರಮ

ಇಂಗ್ಲಿಷ್ ವ್ಯಾಕರಣದಲ್ಲಿ ನಮ್ಮ ಕಡೆಯ ಮಕ್ಕಳನ್ನು ಬಹುವಾಗಿ ಕಾಡುವ ಸಂಗತಿಯೆಂದರೆ ಕರ್ತೃವಿಗಿಂತ ಮೊದಲೇ ಕ್ರಿಯಾಪದ ಬಂದು ನಿಲ್ಲುವ ವಾಕ್ಯಗಳು. "ಯು ಆರ್ ಗೋಯಿಂಗ್" ಎಂಬುದು ಪ್ರಶ್ನೆಯಾದೊಡನೆ "ವೇರ್ ಆರ್ ಯು ಗೋಯಿಂಗ್?" ಆಗಬೇಕು. "ಐ ಹ್ಯಾವ್ ನೆವರ್ ಸೀನ್ ಸಚ್ ರೇನ್" ಎಂಬಲ್ಲಿ "ನೆವರ್" ಪದವನ್ನು ಮುಂದಕ್ಕೆ ತಂದರೆ "ನೆವರ್ ಹ್ಯಾವ್ ಐ ಸೀನ್ ಸಚ್ ರೇನ್" ಎನ್ನಬೇಕು. ಪಠ್ಯಗಳು ಇದನ್ನು 'ಇನ್ವರ್ಷನ್' ಎನ್ನುತ್ತವೆ. ಅಂದರೆ ಪದಕ್ರಮದ ತಿರುಗುಮುರುಗು. ಹೆಸರೇ ಹೀಗಿರುವಾಗ, ಸರಿಯಾದ ಕ್ರಮವೊಂದನ್ನು ಯಾರೋ ಬೇಕೆಂದೇ ಕೆಡಿಸಿದ್ದಾರೆಂಬ ಭಾವನೆ ಮೂಡುವುದು ಸಹಜ. ಆದರೆ ಇತಿಹಾಸ ಹೇಳುವ ಕಥೆ ಬೇರೆ. ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಈ ಕ್ರಮವೇ ದಿನಬಳಕೆಯದಾಗಿತ್ತು. ಇಂದು ನಾವು ಕಲಿಯುವ ನಿಯಮಗಳು ಅದರ ಅವಶೇಷಗಳು.

ಸುಮಾರು 1150ರವರೆಗಿನ ಭಾಷೆಯನ್ನು ವಿದ್ವಾಂಸರು ಹಳೆಯ ಇಂಗ್ಲಿಷ್ ಎಂದು ಕರೆಯುತ್ತಾರೆ. ಅದು ಜರ್ಮನ್, ಡಚ್ ಭಾಷೆಗಳ ಒಡಹುಟ್ಟು. ಜರ್ಮನ್ ಭಾಷೆಯ ಪ್ರಧಾನ ವಾಕ್ಯದಲ್ಲಿ ಇಂದಿಗೂ ಕ್ರಿಯಾಪದಕ್ಕೆ ಮೀಸಲಾಗಿರುವುದು ಎರಡನೆಯ ಸ್ಥಾನ. ಮೊದಲ ಸ್ಥಾನದಲ್ಲಿ ಕರ್ತೃವೇ ಇರಬಹುದು, ಕಾಲವನ್ನೋ ಸ್ಥಳವನ್ನೋ ಸೂಚಿಸುವ ಪದವಾದರೂ ಇರಬಹುದು. "ಇಂದು" ಎಂಬರ್ಥದ ಪದದಿಂದ ವಾಕ್ಯ ಆರಂಭವಾದರೆ ಜರ್ಮನರು "ಇಂದು ಹೋಗುತ್ತೇನೆ ನಾನು ಮನೆಗೆ" ಎಂಬ ಕ್ರಮದಲ್ಲಿ ಹೇಳುತ್ತಾರೆ. ಹಳೆಯ ಇಂಗ್ಲಿಷಿನ ರೀತಿಯೂ ಬಹುಮಟ್ಟಿಗೆ ಇದೇ. "ಆಗ" ಎಂಬರ್ಥದ 'ಥಾ' ಪದದಿಂದ ವಾಕ್ಯ ತೊಡಗಿದರೆ ಸಾಮಾನ್ಯವಾಗಿ ಕ್ರಿಯಾಪದ ಅದರ ಬೆನ್ನಿಗೇ ಬರುತ್ತಿತ್ತು, ಕರ್ತೃ ಅದರ ಹಿಂದೆ. ಅಂದಿನವರಿಗೆ ಅದು ಅಲಂಕಾರವಾಗಿರಲಿಲ್ಲ, ನೇರವಾದ ಮಾತಾಗಿತ್ತು.

ಹಾಗಾದರೆ ಕರ್ತೃ ಯಾವುದು, ಕರ್ಮ ಯಾವುದು ಎಂದು ತಿಳಿಯುತ್ತಿದ್ದುದು ಹೇಗೆ? ಕನ್ನಡಿಗರಾದ ನಮಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. "ರಾಮನು ರಾವಣನನ್ನು ಕೊಂದನು" ಎನ್ನಿ, "ರಾವಣನನ್ನು ಕೊಂದನು ರಾಮನು" ಎನ್ನಿ, ಸತ್ತವನು ರಾವಣನೇ. ವಿಭಕ್ತಿ ಪ್ರತ್ಯಯಗಳು ಅರ್ಥವನ್ನು ಕಾಯುತ್ತವೆ. ಹಳೆಯ ಇಂಗ್ಲಿಷಿಗೂ ವಿಭಕ್ತಿಗಳಿದ್ದವು. ಇಂದಿನ "ದಿ" ಎಂಬುದರ ಸ್ಥಾನದಲ್ಲಿದ್ದ ಪದವೂ ರೂಪ ಬದಲಿಸುತ್ತಿತ್ತು: ರಾಜನು ಕರ್ತೃವಾದಾಗ 'ಸೆ', ಕರ್ಮವಾದಾಗ 'ಥೊನೆ'. ಇಂದು ಉಳಿದಿರುವುದು ಎಲ್ಲ ಸಂದರ್ಭಕ್ಕೂ ಸಲ್ಲುವ ಒಂದೇ "ದಿ".

ಈ ಪ್ರತ್ಯಯಗಳು ಸವೆದುಹೋದದ್ದಕ್ಕೆ ಕಾರಣಗಳು ಹಲವು. ಪದದ ಮೊದಲ ಅಕ್ಷರಕ್ಕೆ ಒತ್ತು ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಮಸುಕಾಗುತ್ತ ಬಂದವು. 793ರಲ್ಲಿ ಲಿಂಡಿಸ್ಫಾರ್ನ್ ಮಠದ ಮೇಲೆ ವೈಕಿಂಗರು ದಾಳಿ ಮಾಡಿದರು. ಮುಂದಿನ ಶತಮಾನದಲ್ಲಿ ಅನೇಕರು ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿಯೂಬಿಟ್ಟರು. ಅವರ ಭಾಷೆಯ ಧಾತುಗಳು ಇಂಗ್ಲಿಷಿಗೆ ಹತ್ತಿರ, ಪ್ರತ್ಯಯಗಳು ಮಾತ್ರ ಬೇರೆ. ಅಕ್ಕಪಕ್ಕದವರು ವ್ಯವಹರಿಸುವಾಗ ಪ್ರತ್ಯಯ ಸಡಿಲವಾಗಿ ಧಾತು ಉಳಿಯಿತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಅರಮನೆಯ ಭಾಷೆ ಫ್ರೆಂಚ್ ಆಯಿತು. ನ್ಯಾಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂಬ ಶಾಸನ ಬಂದುದು 1362ರಲ್ಲಿ. ಅಷ್ಟರಲ್ಲಿ ಜನರ ಬಾಯಲ್ಲಿ ಭಾಷೆಯ ರೂಪವೇ ಬದಲಾಗಿತ್ತು. ಪ್ರತ್ಯಯವಿಲ್ಲದ ಮೇಲೆ ಅರ್ಥ ಕಾಯುವ ಹೊಣೆ ಪದಗಳ ಸ್ಥಾನಕ್ಕೆ ಬಿತ್ತು. ಕರ್ತೃ ಮೊದಲು, ಕ್ರಿಯೆ ನಂತರ, ಕರ್ಮ ಕೊನೆಗೆ... ಈ ಸಾಲು ಬಿಗಿಯಾಯಿತು.

ಆದರೂ ಪ್ರಶ್ನೆಯಲ್ಲಿ ಹಳೆಯ ಪದ್ಧತಿ ಬಹುಕಾಲ ನಡೆಯಿತು. "ನೋ ಯು ದಿಸ್ ಮ್ಯಾನ್?" ಎಂದು ಕೇಳಿದರೆ 16ನೆಯ ಶತಮಾನದಲ್ಲಿ ಯಾರೂ ನಗುತ್ತಿರಲಿಲ್ಲ. ಅದೇ ಕಾಲದಲ್ಲಿ "ಡು ಯು ನೋ ದಿಸ್ ಮ್ಯಾನ್?" ಎಂಬ ಹೊಸ ರೀತಿಯೂ ಹಬ್ಬುತ್ತಿತ್ತು. ಶೇಕ್ಸ್‌ಪಿಯರನಲ್ಲಿ (1564–1616) ಎರಡೂ ಬಗೆಗಳನ್ನು ಕಾಣಬಹುದು. ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಳೆಯ ಬರಹಗಳ ವಾಕ್ಯಗಳನ್ನು ಒಂದೊಂದಾಗಿ ಎಣಿಸಿ, ಈ "ಡು" ಹೇಗೆ ಮೆಲ್ಲಮೆಲ್ಲನೆ ಪ್ರಶ್ನೆ ಮತ್ತು ನಿಷೇಧಗಳನ್ನು ಆಕ್ರಮಿಸಿತೆಂದು ತೋರಿಸಿದರು. ಸುಮಾರು 1700ರ ಹೊತ್ತಿಗೆ ಅದು ನಿಯಮವಾಯಿತು. ಸಾಮಾನ್ಯ ಕ್ರಿಯಾಪದ ಕರ್ತೃವನ್ನು ದಾಟುವುದನ್ನು ಬಿಟ್ಟಿತು. ದಾಟುವ ಕೆಲಸವನ್ನು "ಡು" ಎಂಬ ಆಳು ವಹಿಸಿಕೊಂಡಿತು. "ಆರ್", "ಹ್ಯಾವ್", "ಕ್ಯಾನ್", "ವಿಲ್" ಮುಂತಾದವು ಮಾತ್ರ ಹಳೆಯ ಚಲನೆಯನ್ನು ಉಳಿಸಿಕೊಂಡವು. "ನೆವರ್", "ಸೆಲ್ಡಮ್" ಮುಂತಾದ ನಿಷೇಧದ ಪದಗಳ ನಂತರ, "ಹ್ಯಾಡ್ ಐ ನೋನ್" ಎಂಬಂಥ ಷರತ್ತಿನ ಮಾತುಗಳಲ್ಲಿ, "ಹಿಯರ್ ಕಮ್ಸ್ ದಿ ಬಸ್" ಎಂಬಲ್ಲಿ ಇಂದಿಗೂ ಹಳೆಯ ಮನೆಯ ಕಂಬಗಳು ನಿಂತಿವೆ.

ಇಷ್ಟೆಲ್ಲ ಏಕೆ ಬರೆದೆನೆಂದರೆ, ನಮ್ಮ ಮಕ್ಕಳ ತಪ್ಪಿಗೂ ಈ ಇತಿಹಾಸಕ್ಕೂ ನಂಟಿದೆ. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದ ಕದಲಿಸಬೇಕಾಗಿಲ್ಲ. "ನೀನು ಬಂದೆ" ಎಂಬುದರ ಕೊನೆಗೆ ಒಂದು ಆಕಾರ ಸೇರಿಸಿದರೆ "ನೀನು ಬಂದೆಯಾ?" ಆಯಿತು. ಆದ್ದರಿಂದ "ವೇರ್ ಯು ಆರ್ ಗೋಯಿಂಗ್?" ಎನ್ನುವ ಹುಡುಗ ದಡ್ಡನಲ್ಲ, ತನ್ನ ತಾಯ್ನುಡಿಯ ನ್ಯಾಯವನ್ನು ಪಾಲಿಸುತ್ತಿದ್ದಾನೆ. ಕದಲಿಸಬೇಕೆಂದು ಕಲಿತ ಹುಡುಗಿ "ಐ ಡೋಂಟ್ ನೋ ವೇರ್ ಈಸ್ ಹಿ" ಎಂದರೆ, ಕಲಿತ ನಿಯಮವನ್ನು ಸಲ್ಲದ ಕಡೆಗೂ ಶ್ರದ್ಧೆಯಿಂದ ವಿಸ್ತರಿಸಿದ್ದಾಳೆ ಅಷ್ಟೆ. ಇಂಥ ಒಂದು ವಾಕ್ಯಕ್ಕೆ ತರಗತಿಯೆಲ್ಲ ನಕ್ಕಿತೆಂಬ ಕಾರಣಕ್ಕೆ "ಇಂಗ್ಲಿಷ್ ನನ್ನ ತಲೆಗೆ ಹತ್ತದು" ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಬಾಯಿ ಮುಚ್ಚಿದ ಮಕ್ಕಳನ್ನು ನಾನು ಬಲ್ಲೆ. ಅವರಲ್ಲಿ ಗಣಿತದಲ್ಲಿ ಮುಂದಿದ್ದವರೂ ಇದ್ದರು.

ನಿಮ್ಮಲ್ಲಿ ಹಲವರು ಈಗ ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೀರಿ. ವಾಕ್ಯವನ್ನು ತಿದ್ದಿರಿ, ಅದು ಅಗತ್ಯ. ಜೊತೆಗೆ, ಆ ನಿಯಮ ಯಾರದೋ ಬುದ್ಧಿವಂತಿಕೆಯ ಅಳತೆಗೋಲಲ್ಲ, ಒಂದು ಜನಾಂಗದ ಬಾಯಲ್ಲಿ ಸಾವಿರ ವರ್ಷ ಸವೆದು ಉಳಿದದ್ದು ಎಂಬುದನ್ನೂ ಹೇಳಿರಿ. ಇಂಗ್ಲೆಂಡಿನವರೇ "ಡು" ಎಂಬ ಒಂದು ಪುಟ್ಟ ಪದವನ್ನು ನೆಲೆಗೊಳಿಸಲು ಮುನ್ನೂರು ವರ್ಷ ತೆಗೆದುಕೊಂಡರು. ನಮ್ಮ ಮಗುವಿಗೆ ಒಂದೆರಡು ವರ್ಷ ಕೊಡಲು ಏನು ಕಷ್ಟ?