ಕೆಂಡದ ಅಡುಗೆ ಮತ್ತು ಕುರಿಸೀಮೆಯ ಅಭಿಮಾನ

ತುಂಗಭದ್ರೆಯ ದಕ್ಷಿಣ ದಂಡೆಯಲ್ಲಿ, ಹಂಪಿಗೂ ಕಂಪ್ಲಿಗೂ ನಡುವೆ ಇರುವ ಬುಕ್ಕಸಾಗರವು ಎರಡು ಕುರಿತಳಿಗಳ ಸೀಮೆ ಕೂಡುವ ಎಡೆಯಲ್ಲಿದೆ. ಹೊಳೆಯ ಈಚೆಗಿನದು ಕಂಬಳಿಗೆ ಬೇಕಾದ ಒರಟು ಉಣ್ಣೆಯನ್ನೂ ಮಾಂಸವನ್ನೂ ಕೊಡುವ ಬಳ್ಳಾರಿ ಕುರಿಯ ನೆಲವಾದರೆ, ಆಚೆಯ ಗಂಗಾವತಿಯಿಂದ ಸಿಂಧನೂರು, ಲಿಂಗಸುಗೂರುಗಳವರೆಗೆ ಹಬ್ಬಿರುವುದು ಕಂದುಮೈಯ ಕೆಂಗುರಿಯ ನೆಲ. ಮಾಂಸವನ್ನು ಕೆಂಡದಲ್ಲಿ ಸುಡುವ ವಿಷಯದಲ್ಲಿ ಅಮೆರಿಕದ ಟೆಕ್ಸಾಸಿನವರು ದನದ ಮಾಂಸವನ್ನೂ ಕೆರೊಲಿನಾದವರು ಹಂದಿಯ ಮಾಂಸವನ್ನೂ ಎತ್ತಿಹಿಡಿದು, ಯಾವ ಕಟ್ಟಿಗೆಯ ಹೊಗೆ ಹಿಡಿಸಬೇಕು, ಯಾವ ಹುಳಿ ಸವರಬೇಕು ಎಂದು ತಲೆಮಾರುಗಳಿಂದ ವಾದಿಸುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ಸುಡುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಇಲ್ಲಿಯ ಅಭಿಮಾನ ನೆಲೆ ನಿಂತಿರುವುದು ಕುರಿಯ ಮೇಲೆ, ಅದು ಮೇಯ್ದ ಹುಲ್ಲಿನ ಮೇಲೆ.

ಈ ಕ್ರಮ ಎಷ್ಟು ಹಳೆಯದೆಂಬುದಕ್ಕೆ ಒಳ್ಳೆಯ ಆಧಾರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಸುಮಾರು 1129ರ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅರಸನು ಅನುಭವಿಸಬೇಕಾದ ಭೋಗಗಳನ್ನು ವಿವರಿಸುವಲ್ಲಿ ಅದು ‘ಅನ್ನಭೋಗ’ವೆಂಬ ಭಾಗವನ್ನೇ ಮೀಸಲಿಟ್ಟು, ಮಾಂಸದ ತುಂಡುಗಳಿಗೆ ಮಸಾಲೆ ಹಿಡಿಸಿ ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವ ‘ಭಡಿತ್ರಕ’ವನ್ನೂ, ಯಕೃತ್ತನ್ನು, ಅಂದರೆ ಈಲಿಯನ್ನು, ಅಡಕೆಯ ಗಾತ್ರಕ್ಕೆ ಕತ್ತರಿಸಿ ಸುಡುವ ಬಗೆಯನ್ನೂ, ಹುಲ್ಲಿನ ಉರಿಯಲ್ಲಿ ಹಂದಿಯ ಕೂದಲು ಸುಟ್ಟು ಚರ್ಮ ಬಿಳುಪೇರುವವರೆಗೆ ಹೆರೆಯುವ ಬಗೆಯನ್ನೂ ಹೇಳುತ್ತದೆ. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆದ್ದರಿಂದ ಈ ಗ್ರಂಥದ ಕೀರ್ತಿ ಬೀದರ್ ಸೀಮೆಗೇ ಸಲ್ಲಬೇಕೆಂದು ತೋರಬಹುದು. ಆದರೆ ಕಂಪ್ಲಿಯೂ ಚಾಲುಕ್ಯರ ನೆಲೆಯೇ ಆಗಿದ್ದು, ಅಲ್ಲಿದ್ದ ಅವರ ಅರಮನೆಯನ್ನು ಕೆಡವಿದುದಾಗಿ 11ನೆಯ ಶತಮಾನದ ಚೋಳ ರಾಜಾಧಿರಾಜನ ಶಾಸನಗಳು ಹೇಳಿಕೊಳ್ಳುವುದರಿಂದ, ಆ ರಾಜಪಾಕದ ಪರಂಪರೆಯಲ್ಲಿ ತುಂಗಭದ್ರೆಯ ದಂಡೆಗೂ ನ್ಯಾಯವಾದ ಪಾಲಿದೆ. ಕನ್ನಡದ ಪಾಕಗ್ರಂಥವಾದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಜೈನ ಕವಿಯ ಕೃತಿಯಾಗಿ ಸಸ್ಯಾಹಾರಕ್ಕೇ ಸೀಮಿತವಾಯಿತು. ಹೀಗಾಗಿ ನಾಡಿನ ಮಾಂಸದಡುಗೆಯ ಚರಿತ್ರೆಯನ್ನು ಸಂಸ್ಕೃತದಿಂದಲೂ ಪರದೇಶಿಯರ ಬರಹಗಳಿಂದಲೂ ಹೆಕ್ಕಬೇಕಾಗಿದೆ.

ಆ ಪರದೇಶಿಯರಲ್ಲಿ ಮುಖ್ಯನಾದವನು 1520ರ ಸುಮಾರಿಗೆ ಕೃಷ್ಣದೇವರಾಯನ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್. ಬೀದಿಬೀದಿಯಲ್ಲೂ ಕುರಿಮಾಂಸ ಮಾರುವವರಿದ್ದರೆಂದೂ, ಆ ಮಾಂಸ ಹಂದಿಯದೆಂದು ಭ್ರಮೆ ಹುಟ್ಟಿಸುವಷ್ಟು ಶುಭ್ರವಾಗಿಯೂ ಕೊಬ್ಬಿದುದಾಗಿಯೂ ಇತ್ತೆಂದೂ ಅವನು ಬರೆದಿದ್ದಾನೆ. ಮಹಾನವಮಿಯ ಕೊನೆಯ ದಿನ 250 ಕೋಣಗಳೂ 4,500 ಕುರಿಗಳೂ ಬಲಿಯಾಗುತ್ತಿದ್ದವೆಂಬ ಲೆಕ್ಕವೂ ಅವನದೇ. ಅವನ ತರುವಾಯ ಬಂದ, ಪೋರ್ಚುಗೀಸನೇ ಆದ ನೂನಿಜ್, ಅರಸರು ದನದ ಮಾಂಸವೊಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಕೌಜುಗಗಳೆಲ್ಲವನ್ನೂ ತಿನ್ನುತ್ತಿದ್ದರೆಂದು ಹೇಳುತ್ತಾನೆ. ಇಷ್ಟು ದೊಡ್ಡ ಪೇಟೆಗೆ ಕುರಿ ಒದಗಿಸುವುದು ಸುತ್ತಲಿನ ಬಯಲುಸೀಮೆಯ ಕುರುಬರಿಲ್ಲದೆ ಆಗುವ ಕೆಲಸವಾಗಿರಲಿಲ್ಲ. ಅರಮನೆಯ ವೈಭವವನ್ನು ವರ್ಣಿಸುವ ಗ್ರಂಥಗಳು ಕುರುಬರ ಈ ದುಡಿಮೆಗೆ ಕೊಡಬೇಕಾದ ಸ್ಥಾನವನ್ನು ಕೊಟ್ಟಿಲ್ಲ. ಇನ್ನು ಸಲಾಕೆಯ ಅಡುಗೆ ಮುಸಲ್ಮಾನರೊಂದಿಗೆ ಮಾತ್ರ ಬಂತೆಂಬ ಮಾತು ‘ಮಾನಸೋಲ್ಲಾಸ’ದ ಮುಂದೆ ನಿಲ್ಲುವುದಿಲ್ಲ. ವಿಜಯನಗರದ ಅರಸ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಉಳಿದಿರುವುದನ್ನು ಗಮನಿಸಿದರೆ, ಎರಡು ಬಗೆಯ ಅಡುಗೆಮನೆಗಳು ಒಂದೇ ನಗರದಲ್ಲಿ ನೆರೆಹೊರೆಯಾಗಿದ್ದುವೆಂದು ತಿಳಿಯುವುದೇ ಹೆಚ್ಚು ಸರಿ.

ರಾಜಪಾಕ ಅಳಿದರೂ ಅದರ ಕ್ರಮ ಮನೆಗಳಲ್ಲಿ ಉಳಿದಿದೆ. ಹಬ್ಬಕ್ಕೆ ಕುರಿ ಕೊಯ್ದಾಗ ತಲೆ ಮತ್ತು ಕಾಲುಗಳನ್ನು ಉರಿಯ ಮೇಲೆ ಹಿಡಿದು, ಕಿವಿಯ ಸಂದು, ಗೊರಸಿನ ಸೀಳುಗಳಲ್ಲಿರುವ ಕೂದಲೂ ಸೀಯುವಂತೆ ಹೊರಳಿಸಿ ಹೊರಳಿಸಿ ಸುಟ್ಟು, ಕರಕಲನ್ನು ಚೂರಿಯಿಂದ ಹೆರೆದು, ಅರಿಸಿನ ಹಚ್ಚಿ ತೊಳೆದ ಮೇಲೆಯೇ ತುಂಡು ಮಾಡುತ್ತಾರೆ. ಹೀಗೆ ಸುಟ್ಟ ಚರ್ಮದ ಹೊಗೆವಾಸನೆ ಸಾರಿಗೆ ಇಳಿಯದಿದ್ದರೆ ಅದನ್ನು ತಲೆಕಾಲಿನ ಸಾರೆಂದು ಬಲ್ಲವರು ಒಪ್ಪುವುದಿಲ್ಲ. ಅಡುಗೆ ಆಗುವ ಮೊದಲೇ ಉಪ್ಪು, ಖಾರ ಸವರಿದ ಈಲಿಯ ತುಂಡುಗಳು ಅದೇ ಕೆಂಡದಲ್ಲಿ ಬೆಂದು ಮಕ್ಕಳ ಕೈ ಸೇರುತ್ತವೆ. ಸೋಮೇಶ್ವರನ ಅಡಕೆಗಾತ್ರದ ಈಲಿಗೂ ಇದಕ್ಕೂ ಇರುವ ಅಂತರ ಮಸಾಲೆಯದಷ್ಟೇ.

ಮೈಸೂರು, ಮಂಡ್ಯದವರು ಮಾತ್ರ ಕುರಿಮಾಂಸದ ಹಿರಿಮೆಯನ್ನು ಈ ಸೀಮೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗಿಡ್ಡ ಕಾಲಿನ, ಹಿಂದಿನಿಂದ ನೋಡಿದರೆ ಲಾಳದಂತೆ ಕಾಣುವ, ಮೈತುಂಬಿಕೊಂಡ ಬನ್ನೂರು ಕುರಿಯ ಮೆದು ಮಾಂಸಕ್ಕೆ ಸಾಟಿಯಿಲ್ಲವೆಂಬುದು ಅವರ ವಾದ, ಮತ್ತು ಮೃದುತ್ವವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಆ ವಾದಕ್ಕೆ ಎದುರು ಹೇಳುವುದು ಕಷ್ಟ. ಆದರೆ ಬನ್ನೂರಿನ ಕುರಿ ಊರಿನ ಆಸುಪಾಸಿನಲ್ಲೇ ಮೇಯ್ದು ಬೆಳೆದರೆ, ಬಳ್ಳಾರಿ ಕುರಿಯೂ ಕೆಂಗುರಿಯೂ ಮಂದೆಯೊಂದಿಗೆ ಹರದಾರಿಗಟ್ಟಲೆ ನಡೆದು, ಬಂಡೆಗಳ ನಡುವಿನ ಒಣಹುಲ್ಲನ್ನೂ ಜಾಲಿಯ ಕಾಯಿಯನ್ನೂ ತಿಂದು ಬೆಳೆಯುವುದರಿಂದ, ಅವುಗಳ ಮಾಂಸದ ಬಿಗುವೂ ಗಾಢವಾದ ರುಚಿಯೂ ಕೆಂಡಕ್ಕೆ ಹೆಚ್ಚು ಒಗ್ಗುತ್ತವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಕಾಲುವೆಯ ನೀರು ಹರಿದ ಬಯಲು ಭತ್ತದ ಗದ್ದೆಯಾಗಿ, ಸಂಡೂರಿನ ಗುಡ್ಡಗಳನ್ನು ಅದಿರಿನ ಗಣಿಗಳು ಆವರಿಸಿ, ಮೇವಿನ ನೆಲ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಮಂದೆ ನಿಲ್ಲಿಸುವ ಹಳೆಯ ಒಪ್ಪಂದವೇ ಕುರುಬರಿಗೆ ಈಗ ಉಳಿದಿರುವ ದೊಡ್ಡ ಆಸರೆ, ಅದನ್ನು ಉಳಿಸಿಕೊಳ್ಳಬೇಕಾದವರು ಕುರುಬರಷ್ಟೇ ರೈತರೂ ಹೌದು.